ಮುಂದೆ ಆನೆ, ಹಿಂದೆ ಕೋಳಿ

ಈ ಸಲ ಸಂಕ್ರಾಂತಿಗೆ ಸಕ್ಕರೆ ಅಚ್ಚು ಮನೆಯಲ್ಲೇ ಮಾಡುತ್ತೇನೆ ಅಂದೆ. ಹೆಂಡತಿ ಒಂದೇ ಒಂದು ಮಾತು ಕೇಳಿದಳು.

"ಯಾಕ್ರೀ?"

ಅವಳು ಧಾರವಾಡದವಳು. ಅವರ ಕಡೆ ಸಂಕ್ರಾಂತಿ ಎಂದರೆ ಕುಸುರೆಳ್ಳು. ಸಣ್ಣ ಉರಿಯ ಮೇಲೆ ಎಳ್ಳಿಟ್ಟುಕೊಂಡು, ಸಕ್ಕರೆ ಪಾಕವನ್ನು ತೊಟ್ಟು ತೊಟ್ಟೇ ಬಿಡುತ್ತಾ, ಕೈಯಾಡಿಸುತ್ತಾ, ಒಂದೊಂದು ಕಾಳಿಗೂ ಮುಳ್ಳು ಬರಿಸುವ ಕೆಲಸ. ಅವರಮ್ಮ ಮಾಡುತ್ತಾರೆ, ಇವಳು ತಿನ್ನುತ್ತಾಳೆ. ಹಬ್ಬದ ಕೆಲಸವನ್ನು ಹೀಗೆ ಹಂಚಿಕೊಳ್ಳುವುದೇ ಸರಿ ಅಂತ ಅವಳ ಅಭಿಪ್ರಾಯ. ನಾನು ಮೈಸೂರಿನವನು. ನಮಗೆ ಎಳ್ಳು ಬೀರದೆ ಹಬ್ಬ ಆಗುವುದಿಲ್ಲ. ತಟ್ಟೆಯಲ್ಲಿ ಎಳ್ಳು-ಬೆಲ್ಲ, ಕಬ್ಬಿನ ತುಂಡು, ಬಾಳೆಹಣ್ಣು, ಎಲೆ ಅಡಿಕೆ, ಅದರ ಮೇಲೊಂದು ಸಕ್ಕರೆ ಅಚ್ಚು. ಅಚ್ಚು ಇಲ್ಲದಿದ್ದರೆ ಅದು ಬರೀ ಕುರುಕಲು ತಿಂಡಿ.

ಅದೂ ಅಲ್ಲದೆ ಮಗಳಿಗೆ ನಾಲ್ಕು ತುಂಬಿತ್ತು. ನಮ್ಮ ಕಡೆ ಮಕ್ಕಳಿಗೆ ಐದು ವರ್ಷದ ತನಕ ಸಂಕ್ರಾಂತಿ ಸಂಜೆ ಎಲಚಿ ಹಣ್ಣು ಎರೆಯುತ್ತಾರೆ. ಇನ್ನೇನು ಆ ಕಾಲವೂ ಮುಗಿಯುತ್ತದೆ, ಆಮೇಲೆ ಯಾರ ತಲೆಗೆ ಎರೆಯುವುದು? ಸರಿ, ಅಪಾರ್ಟ್‌ಮೆಂಟಿನ ಮಕ್ಕಳನ್ನೆಲ್ಲ ಕರೆದು ಜೋರಾಗಿಯೇ ಮಾಡೋಣ ಅಂತಾಯಿತು. ಮಗಳು ಇದಕ್ಕೆ 'ಸಂಕ್ರಾಂತಿ ಪಾರ್ಟಿ' ಎಂದು ಹೆಸರಿಟ್ಟಳು. ಕೇಕ್ ಇದೆಯಾ ಅಂತ ಕೇಳಿದಳು. ಅಚ್ಚು ಇದೆ ಅಂದೆ. ಅದರ ಮೇಲೆ ಕ್ರೀಮ್ ಇರತ್ತಾ ಅಂದಳು.

ಮೈಸೂರಿಗೆ ಫೋನ್ ಮಾಡಿ ಅಮ್ಮನಿಗೆ ವಿಷಯ ತಿಳಿಸಿದೆ.

"ಲೋ, ಅದೆಲ್ಲ ನಿನ್ನ ಕೈಲಿ ಆಗಲ್ಲ ಕಣೋ. ಸುಮ್ನೆ ಗಾಂಧಿ ಬಜಾರಿಗೆ ಹೋಗಿ ತಂದ್ಬಿಡು."

ಇಷ್ಟು ಹೇಳಿದ ಮೇಲೆ ಮಾಡದೇ ಇರುವುದು ಹೇಗೆ?

ಮೊದಲು ಎಳ್ಳು-ಬೆಲ್ಲ. ಅದರಲ್ಲಿ ಐದು ಸಾಮಾನು. ಐದರಲ್ಲಿ ಹುರಿಗಡಲೆ ಒಂದೇ ಸಜ್ಜನ, ಪೊಟ್ಟಣದಿಂದ ಸುರಿದರೆ ಆಯಿತು. ಎಳ್ಳನ್ನು ಚಟಪಟ ಅನ್ನುವ ತನಕ ಹುರಿಯಬೇಕು, ಆಮೇಲೆ ಒಂದು ಕ್ಷಣ ಜಾಸ್ತಿ ಹುರಿಯಬಾರದು. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಉಜ್ಜಿ, ಹೋಳು ಮಾಡಿ, ಊದಿ ಹಾರಿಸಬೇಕು. ನಾನು ಊದುವ ಬದಲು ಫ್ಯಾನ್ ಹಾಕಿದೆ. ಇವತ್ತಿಗೂ ಸೋಫಾ ಸರಿಸಿದರೆ ಸಿಪ್ಪೆ ಸಿಗುತ್ತದೆ. ಕೊಬ್ಬರಿಯ ಕಂದು ಸಿಪ್ಪೆ ಹೆರೆದು, ಬಿಳಿ ಭಾಗವನ್ನು ಸಣ್ಣಗೆ ಹೆಚ್ಚಬೇಕು. ಇನ್ನು ಬೆಲ್ಲ. ಅಚ್ಚು ಬೆಲ್ಲ ಹೆಚ್ಚಿದವರಿಗೇ ಗೊತ್ತು, ಚಾಕು ಒಂದು ಕಡೆ ಹೋದರೆ ಬೆಲ್ಲ ಇನ್ನೊಂದು ಕಡೆ ಹಾರುತ್ತದೆ. ಅಡಿಕೆ ಕತ್ತರಿಯಲ್ಲಿ ಎರಡು ಗಂಟೆ ಕೂತು, ಬೆರಳಿಗೆ ಬೊಬ್ಬೆ ಬರಿಸಿಕೊಂಡು ಕತ್ತರಿಸಿದೆ. ಹೆಂಡತಿ ಬಂದು ನೋಡಿದಳು.

"ನಿಮ್ಮ ಮೈಸೂರು ಮಂದಿಗೆ ಬ್ಯಾರೆ ಕೆಲಸ ಇಲ್ಲೇನ್ರೀ? ಹ್ಯಾಂಗ ಇದ್ರೂ ಬಾಯಾಗ ಹೋದ್ರ ಕರಗತೈತಿ."

ಕೊಬ್ಬರಿ, ಬೆಲ್ಲ ಎರಡೂ ಬಿಸಿಲಲ್ಲಿ ಒಣಗಬೇಕು. ಟೆರೇಸಿನ ಮೇಲೆ ಹಳೇ ಪಂಚೆ ಹಾಸಿ ಹರಡಿದೆ. ಮಗಳ ಕೈಗೊಂದು ಕೋಲು ಕೊಟ್ಟು, ನೆರಳಲ್ಲಿ ಕೂರಿಸಿ, ಕಾಗೆ ಬಂದರೆ ಓಡಿಸು ಅಂದೆ. ನಾನು ನೀರಿನ ಟ್ಯಾಂಕಿನ ಆಚೆ ಮಗ್ಗುಲಲ್ಲಿ ಕೂತು ಆಫೀಸಿನ ಒಂದು ಫೋನ್ ಮುಗಿಸಿ ಬಂದೆ. ಕೋಲು ಒಂದು ಕಡೆ ಬಿದ್ದಿತ್ತು. ಇವಳು ಪಂಚೆಯ ಮೇಲೆ ಕೂತಿದ್ದಳು. ಎದುರಿಗೆ ಮೂರು ಕಾಗೆ ಸಾಲಾಗಿ, ಪಂಕ್ತಿಯಲ್ಲಿ ಕೂತ ಹಾಗೆ. ಇವಳು ಬಡಿಸುತ್ತಿದ್ದಳು.

"ಅಪ್ಪಾ, ಅವಕ್ಕೆ ಬೆಲ್ಲ ಬೇಡ್ವಂತೆ. ಕೊಬ್ಬರಿ ಮಾತ್ರ ಸಾಕಂತೆ."

ಒಣಗಿದರೆ ಕೊಬ್ಬರಿ ಕಡಿಮೆಯಾಗುತ್ತದೆ ಅಂತ ಅಮ್ಮ ಹೇಳಿದ್ದರು. ಅರ್ಧ ಕೆಜಿ ಒಂದು ಹಿಡಿಯಾಗುತ್ತದೆ ಅಂತ ಹೇಳಿರಲಿಲ್ಲ.

ಜನವರಿ 12, ಭಾನುವಾರ. ಹಬ್ಬಕ್ಕೆ ಇನ್ನೆರಡೇ ದಿನ. ಅಂದು ಅಚ್ಚಿನ ಕೆಲಸ. ಬೆಂಗಳೂರಿಗೆ ಬರುತ್ತಿದ್ದ ಚಿಕ್ಕಪ್ಪನ ಮಗನ ಕೈಲಿ ಅಮ್ಮ ಮರದ ಅಚ್ಚುಗಳನ್ನು ಕಳಿಸಿದ್ದರು. ಅಜ್ಜಿಯ ಕಾಲದವು. ಒಟ್ಟು ಹದಿನಾಲ್ಕು ಜೋಡಿ. ಆನೆ, ಗಿಣಿ, ಕೋಳಿ, ಮೀನು, ಬಸವ, ತುಳಸಿಕಟ್ಟೆ, ಮಂಟಪ, ಹೀಗೆ. ಪ್ರತಿ ಅಚ್ಚಿಗೂ ಎರಡು ಹೋಳು. ಎರಡನ್ನೂ ಸೇರಿಸಿ ಕಟ್ಟಿ, ಮೇಲಿನ ಬಾಯಿಂದ ಪಾಕ ಹುಯ್ಯಬೇಕು. ಅಮ್ಮ ಒಂದೊಂದು ಜೋಡಿಯನ್ನೂ ಹಳೇ ಸೀರೆಯ ಅಂಚಿನಿಂದ ಕಟ್ಟಿ, ಬೆನ್ನಿಗೆ ಪೆನ್ನಿನಲ್ಲಿ ನಂಬರ್ ಬರೆದಿದ್ದರು. "ಜೋಡಿ ಮಾತ್ರ ತಪ್ಪಿಸ್ಬೇಡ" ಎಂದು ಮೂರು ಸಲ ಹೇಳಿದ್ದರು.

ಅಚ್ಚನ್ನು ಒಂದೆರಡು ಗಂಟೆ ನೀರಲ್ಲಿ ನೆನೆಸಬೇಕು. ಒಣ ಮರಕ್ಕೆ ಪಾಕ ಅಂಟಿಕೊಂಡರೆ ಬಿಡುವುದಿಲ್ಲ. ಮಗಳನ್ನೂ ಕೆಲಸಕ್ಕೆ ಸೇರಿಸಿಕೊಳ್ಳಬೇಕು, ಹಬ್ಬದ ನೆನಪು ಉಳಿಯಬೇಕು ಅಂತೆಲ್ಲ ನನ್ನ ತಲೆಯಲ್ಲಿತ್ತಲ್ಲ, ಇವನ್ನು ಬಕೆಟ್ಟಿಗೆ ಹಾಕಮ್ಮ ಅಂದೆ. ಸ್ವಲ್ಪ ಹೊತ್ತಿಗೆ ಬಚ್ಚಲಿಂದ ಕೂಗು ಬಂತು.

"ಅಪ್ಪಾ, ಎಲ್ಲರಿಗೂ ಸ್ನಾನ ಆಯ್ತು!"

ಹೋಗಿ ನೋಡಿದರೆ ಇಪ್ಪತ್ತೆಂಟು ಹೋಳುಗಳು ಬಿಡಿಬಿಡಿಯಾಗಿ ತೇಲುತ್ತಿದ್ದವು. ಸೀರೆ ಅಂಚೆಲ್ಲ ಗೊಂಬೆಗಳ ಮೈಮೇಲಿತ್ತು. ಹಳೇ ಟೂತ್ ಬ್ರಷ್ ತಗೊಂಡು ಎಲ್ಲರ ಬೆನ್ನನ್ನೂ ಉಜ್ಜಿದ್ದಳು. ಒಂದು ನಂಬರ್ ಕೂಡ ಉಳಿದಿರಲಿಲ್ಲ. ಅವಳ ಬೆನ್ನನ್ನು ನಾವು ಅಷ್ಟು ಚೆನ್ನಾಗಿ ಯಾವತ್ತೂ ಉಜ್ಜಿಲ್ಲ.

ಜೋಡಿ ಹುಡುಕುವುದು ಸುಲಭ ಅನ್ನಿಸಬಹುದು. ಆದರೆ ಹಳ್ಳ ಬಿದ್ದ ಮರದಲ್ಲಿ ಎಲ್ಲವೂ ತಿರುಗುಮುರುಗು. ಉಬ್ಬಬೇಕಾದದ್ದು ತಗ್ಗಿರುತ್ತದೆ. ಸೊಂಡಿಲೋ ಬಾಲವೋ ಪುಕ್ಕವೋ ತಿಳಿಯುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಹಿಡಿದು ನೋಡಿ, ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಜೋಡಿ ಖಚಿತವಾಯಿತು. ಉಳಿದ ಮೂರಕ್ಕೆ ಜಾತಕ ಕೂಡಿಬರಲಿಲ್ಲ. ಅಳತೆ ಹೆಚ್ಚುಕಡಿಮೆ ಸರಿ ಇದೆಯಲ್ಲ ಅಂತ ಹಿರಿಯರು ಒಪ್ಪಿ ಮದುವೆ ಮಾಡಿದ ಹಾಗೆ, ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಬಿಟ್ಟೆ.

ಪಾಕ ಕೈಗೆ ತಾಗಿದರೆ ಅಂಟಿಕೊಂಡು ಸುಡುತ್ತದೆ. ಹಾಗಾಗಿ ಅಡುಗೆಮನೆ ಬಾಗಿಲಿಗೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು, ಇದನ್ನು ದಾಟಬಾರದು ಅಂದೆ. ಮಗಳು ಹೆಬ್ಬೆರಳನ್ನು ಗೆರೆಗೆ ಸರಿಯಾಗಿ ತಾಗಿಸಿ ನಿಂತಳು. ಗೊಂಬೆಯನ್ನು ಗೆರೆಯ ಈಚೆ ಇಟ್ಟಳು. "ಅವಳಿಗೆ ಹೇಳಿಲ್ಲ ನೀನು" ಅಂದಳು.

ಒಂದು ಕೆಜಿ ಸಕ್ಕರೆಗೆ ಒಂದು ದೊಡ್ಡ ಲೋಟ ನೀರು. ಕುದಿ ಬಂದ ಮೇಲೆ ಎರಡು ಚಮಚ ಹಾಲು. ಹಾಲು ಒಡೆದು, ಸಕ್ಕರೆಯ ಕೊಳೆಯನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ.

"ಸಕ್ಕರೆ ಬೆಳ್ಳಗಿತ್ತಲ್ಲ, ಕೊಳೆ ಎಲ್ಲಿತ್ತು?" ಅಂತ ಬಾಗಿಲಿಂದ ಪ್ರಶ್ನೆ.

ಪಾಕವನ್ನು ಬಿಳಿ ಬಟ್ಟೆಯಲ್ಲಿ ಸೋಸಿದಾಗ ಬಟ್ಟೆ ಬೂದು ಬಣ್ಣಕ್ಕೆ ತಿರುಗಿತ್ತು. ನಾವು ಇಷ್ಟು ವರ್ಷ ಕಾಫಿಗೆ ಏನು ಹಾಕಿಕೊಂಡು ಕುಡಿದೆವು ಅಂತ ನಾನೂ ಒಂದು ನಿಮಿಷ ಯೋಚನೆ ಮಾಡಿದೆ. ಇನ್ನೊಮ್ಮೆ ಕುದಿಸಿ, ಒಂದು ಚಮಚ ಮೊಸರು ಹಾಕಿ, ಮತ್ತೆ ಸೋಸಿದೆ. ಪಾಕ ಕನ್ನಡಿಯಂತಾಯಿತು. ಇಲ್ಲಿಯ ತನಕ ಎಲ್ಲ ಚೆನ್ನಾಗಿತ್ತು.

ಮುಂದಿನದೇ ವಿದ್ಯೆ. ಈ ಪಾಕದಲ್ಲಿ ಒಂದೊಂದೇ ಸೌಟು ಸಣ್ಣ ಬಾಣಲೆಗೆ ಹಾಕಿಕೊಂಡು, ಬಿಡದೆ ತಿರುವುತ್ತಾ ಕುದಿಸಬೇಕು. ಅಂಚು ಬೆಳ್ಳಗಾಗಿ ನೊರೆ ಏಳುವ ಹೊತ್ತಿಗೆ ಸರಿಯಾಗಿ ಅಚ್ಚಿಗೆ ಹುಯ್ಯಬೇಕು. ಮೊದಲನೇ ಸಲ ಬೇಗ ಹುಯ್ದೆ. ಹತ್ತು ನಿಮಿಷ ಬಿಟ್ಟು ಗಿಣಿಯ ಅಚ್ಚು ಬಿಚ್ಚಿದರೆ ಗಿಣಿ ನನ್ನ ಮೊಣಕೈ ತನಕ ಹರಿದು ಬಂತು. ಎರಡನೇ ಸಲ ಅಮ್ಮನನ್ನು ಫೋನಿನಲ್ಲಿಟ್ಟುಕೊಂಡೇ ಮಾಡಿದೆ.

"ನೊರೆ ಬಂತೇನೋ?"

"ಯಾವ ನೊರೆ ಅಮ್ಮ, ದೊಡ್ಡದಾ ಚಿಕ್ಕದಾ?"

"ಅದು ಹೇಳಿ ಬರೋದಲ್ಲ, ನೋಡಿದ್ರೆ ಗೊತ್ತಾಗತ್ತೆ."

ಈ ಮಾತು ಮುಗಿಯುವುದರೊಳಗೆ ಸೌಟು ಅಲ್ಲಾಡುವುದು ನಿಲ್ಲಿಸಿತು. ಬಾಣಲೆಯಲ್ಲೇ ಅಚ್ಚಾಗಿತ್ತು. ಬೆಳ್ಳಗೆ, ಗಟ್ಟಿಯಾಗಿ, ಒಂದು ಬಿರುಕೂ ಇಲ್ಲದೆ, ಬಾಣಲೆಯ ಆಕಾರದಲ್ಲಿ, ಮಧ್ಯೆ ಸೌಟು ನೆಟ್ಟ ಒಂದು ಅಚ್ಚು. ಅಂದು ಮಾಡಿದ್ದರಲ್ಲಿ ಅದರಷ್ಟು ಅಚ್ಚುಕಟ್ಟಾಗಿ ಇನ್ನೊಂದು ಬರಲಿಲ್ಲ. ಪುಣ್ಯಕ್ಕೆ ಸಕ್ಕರೆಯನ್ನು ಎಷ್ಟು ಸಲ ಕೆಡಿಸಿದರೂ ಚೂರು ನೀರು ಹಾಕಿ ಕರಗಿಸಿದರೆ ಮತ್ತೆ ಮೊದಲಿನಂತಾಗುತ್ತದೆ.

ಐದನೇ ಸಲಕ್ಕೆ ಗಿಣಿ ಬಂತು. ಕೊಕ್ಕು, ರೆಕ್ಕೆ, ಕಣ್ಣು, ಎಲ್ಲ ಇತ್ತು. ನಾನು ಕೂಗಿದ್ದು ಕೇಳಿ ಎದುರು ಮನೆಯವರು ಬಾಗಿಲು ತೆಗೆದರು. ಆಮೇಲೆ ಕೈ ಕುದುರಿತು. ಬಸವ, ಮೀನು, ಮಂಟಪ, ಒಂದರ ಹಿಂದೊಂದು. ಕೊನೆಗೆ ಆ ಮೂರು ಸಂಶಯದ ಜೋಡಿಗಳನ್ನು ಬಿಚ್ಚಿದೆ. ಒಂದನ್ನು ಹೆಂಡತಿ ಎತ್ತಿಕೊಂಡಳು.

"ಆನಿ" ಅಂದಳು. ತಿರುಗಿಸಿದಳು. "ಕೋಳಿ" ಅಂದಳು. ಮತ್ತೆ ತಿರುಗಿಸಿದಳು. ಮೆಲ್ಲಗೆ ತಟ್ಟೆಯಲ್ಲಿಟ್ಟು, ಒಳಗೆ ಹೋಗಿ ಧಾರವಾಡಕ್ಕೆ ಫೋನ್ ಮಾಡಿದಳು. ಅರ್ಧ ಗಂಟೆ ನಗು ಕೇಳಿಸಿತು.

ಮಾರನೇ ದಿನ ಬೆಳಿಗ್ಗೆ ಡಬ್ಬ ತೆಗೆದರೆ ಒಂದು ಗಿಣಿಗೂ ಕೊಕ್ಕಿಲ್ಲ. ಮಗಳನ್ನು ಕರೆದೆ.

"ಕಚ್ತಿತ್ತು ಅಪ್ಪಾ" ಅಂದಳು.

ಹೆಂಡತಿ ಏನೂ ಮಾತಾಡದೆ ತೊಗರಿಬೇಳೆ ಡಬ್ಬದ ಹಿಂದಿನಿಂದ ಒಂದು ಪೊಟ್ಟಣ ತೆಗೆದಳು. ಅರ್ಧ ಕೆಜಿ ಅಂಗಡಿ ಅಚ್ಚು, ಒಂದು ಕೆಜಿ ಕಲಸಿದ ಎಳ್ಳು. ಶನಿವಾರವೇ ತಂದಿಟ್ಟಿದ್ದಳಂತೆ. "ಬೇಕಾಗತೈತಿ ಅಂತ ಗೊತ್ತಿತ್ತು" ಅಂದಳು. ಮದುವೆಯಾಗಿ ಏಳು ವರ್ಷವಾದರೆ ಹೀಗೇ.

ಇನ್ನೊಂದು ತೊಂದರೆ ಎದುರಾಯಿತು. ಎಲಚಿ ಹಣ್ಣು, ಕಬ್ಬಿನ ಚೂರು, ಹೂವಿನ ಎಸಳುಗಳ ಜೊತೆ ಚಿಲ್ಲರೆ ಕಾಸನ್ನೂ ಸೇರಿಸಿ ಎರೆಯಬೇಕು. ಮನೆಯಲ್ಲಿ ಒಂದು ನಾಣ್ಯ ಇಲ್ಲ. ಸೊಪ್ಪಿನವರಿಂದ ಹಿಡಿದು ಎಲ್ಲರಿಗೂ ಫೋನಿನಲ್ಲೇ ದುಡ್ಡು ಕೊಡುವ ಕಾಲ. ಕಿರಾಣಿ ಅಂಗಡಿಯವರು ಹುಡುಕಿ ಹುಡುಕಿ ಆರು ರೂಪಾಯಿ ಚಿಲ್ಲರೆ ಕೊಟ್ಟರು, ಅದೂ ಸಾಲ ಕೊಟ್ಟವರ ಮುಖ ಮಾಡಿ. ಕೊನೆಗೆ ಮಗಳು ಮಧ್ಯಾಹ್ನ ಮಲಗಿದ್ದಾಗ ಅವಳ ಹುಂಡಿಯನ್ನು ತಲೆಕೆಳಗು ಮಾಡಿ, ಸದ್ದಾಗದಂತೆ ಹಾಸಿಗೆಯ ಮೇಲೆ ಸುರಿದುಕೊಂಡೆ. ಆಮೇಲೆ ವಾಪಸ್ ಹಾಕಿದರಾಯಿತು ಅಂದುಕೊಂಡೆ.

ಮಂಗಳವಾರ ಸಂಜೆ ಹನ್ನೆರಡು ಮಕ್ಕಳು, ಅವರ ಹಿಂದೆ ಅಷ್ಟೇ ಅಮ್ಮಂದಿರು ಬಂದರು. ಬಂದವರಿಗೆಲ್ಲ ಎಳ್ಳು ಬೀರಿದ್ದಾಯಿತು. ಇಬ್ಬರು ಹುಡುಗರಿಗೆ ಆಗಲೇ ಜಗಳ. ಟೀಪಾಯಿಯ ಆ ಕಡೆ ಕೂತವನು ಅದು ಕೋಳಿ ಅಂತಾನೆ, ಈ ಕಡೆಯವನು ಆನೆ ಅಂತಾನೆ. ಇಬ್ಬರೂ ಅಮ್ಮಂದಿರ ಮೇಲೆ ಆಣೆ ಇಟ್ಟಿದ್ದರು. ಕೆಳಗಿನ ಮನೆಯ ಆಂಟಿ ಅಚ್ಚನ್ನು ಎರಡು ಕಡೆ ತಿರುಗಿಸಿ ನೋಡಿ, "ಇದು ಹೊಸಾ ಡಿಸೈನಾ? ಎಲ್ಲಿ ತಗೊಂಡ್ರಿ?" ಎಂದು ಕೇಳಿದರು. ನಮ್ಮ ಮನೆತನದ್ದು ಅಂದೆ.

ಮಗಳನ್ನು ರೇಷ್ಮೆ ಲಂಗದಲ್ಲಿ ಮಣೆಯ ಮೇಲೆ ಕೂರಿಸಿದೆವು. ಅಮ್ಮ ವಿಡಿಯೋ ಕಾಲಿನಲ್ಲಿದ್ದರು. ಹೆಂಡತಿ ಸೇರಿನಲ್ಲಿ ತುಂಬಿಕೊಂಡು ತಲೆಯ ಮೇಲೆ ಎರೆದಳು. ಹಣ್ಣು ಉರುಳಿದವು, ಕಾಸು ಘಲ್ ಎಂದವು, ಮಕ್ಕಳೆಲ್ಲ ಮುಗಿಬಿದ್ದರು. ಮಗಳು ತೊಡೆಯ ಮೇಲೆ ಬಿದ್ದ ಎರಡು ರೂಪಾಯಿಯೊಂದನ್ನು ಎತ್ತಿ, ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅದರ ಮೇಲೆ ಗುಲಾಬಿ ಬಣ್ಣದ ನೇಲ್ ಪಾಲಿಶ್ ಇತ್ತು.

"ಇದು ನನ್ ಕಾಸು!"

ಎದ್ದಳು. ಒಬ್ಬೊಬ್ಬರ ಮುಷ್ಟಿಯನ್ನೂ ಬಿಡಿಸಿ, ಬಣ್ಣ ನೋಡಿ ನೋಡಿ ವಸೂಲಿ ಶುರು ಮಾಡಿದಳು. ಎರಡು ಮಕ್ಕಳು ಅತ್ತವು. ಆರತಿ ತಟ್ಟೆ ಹಿಡಿದವರು ಹಾಗೇ ನಿಂತರು. ಯಾರು ತೆಗೆದಿದ್ದು ಅಂತ ಅವಳು ಕೇಳಿದಾಗ ಅವರಮ್ಮ ಒಂದು ಕ್ಷಣವೂ ತಡ ಮಾಡದೆ ನನ್ನ ಕಡೆ ಕೈ ತೋರಿಸಿದಳು.

"ಹಂಗಾದ್ರೆ ಅಪ್ಪ ಕೂತ್ಕೋಬೇಕು. ನಾನು ಕೂರಲ್ಲ."

ಬೆಲ್ಲ ಕೊಡುತ್ತೇನೆ ಅಂದೆ, ಚಾಕೊಲೇಟ್ ಅಂದೆ, ಆನೆ-ಕೋಳಿ ಮೂರೂ ನಿನಗೇ ಅಂದೆ. ಆಗಲಿಲ್ಲ. ಅಮ್ಮಂದಿರೆಲ್ಲ ಸೆರಗು, ದುಪಟ್ಟಾ ಬಾಯಿಗೆ ಅಡ್ಡ ಹಿಡಿದಿದ್ದರು. ಕೊನೆಗೆ ನಲವತ್ತರ ಹತ್ತಿರದ ನಾನು ಪಂಚೆ ಸರಿಮಾಡಿಕೊಂಡು ಆ ಪುಟ್ಟ ಮಣೆಯ ಮೇಲೆ ಕೂತೆ. ಫೋನಿನೊಳಗಿಂದ ಅಮ್ಮನ ಧ್ವನಿ ಬಂತು.

"ಇವನಿಗೂ ಐದು ತುಂಬೋ ತನಕ ಎರೆದಿದ್ದೆ ಕಣಮ್ಮ. ಸಾಲಲಿಲ್ಲ ಅನ್ಸತ್ತೆ."

"ಅಲ್ಲಾಡಬ್ಯಾಡ್ರಿ" ಅಂದಳು ಹೆಂಡತಿ, ಸೇರು ತುಂಬಾ ತುಂಬಿಕೊಂಡು.

ಎಲಚಿ ಹಣ್ಣಿನ ಒಳಗೆ ಗಟ್ಟಿ ಬೀಜ ಇರುತ್ತದೆ. ಮಕ್ಕಳಿಗೆ ತಲೆಯಲ್ಲಿ ಕೂದಲಿರುವುದರಿಂದ ಅದು ಗೊತ್ತಾಗುವುದಿಲ್ಲ.