ಮೊದಲು ಲೈಟ್ ಹಾಕಿ ಸ್ವಾಮಿ

ಮೊನ್ನೆ ಊಟ ಮಾಡುತ್ತಾ ಟಿವಿಯಲ್ಲಿ ಒಂದು ಸಿನಿಮಾ ನೋಡುತ್ತಿದ್ದೆ. ಅದರಲ್ಲೊಬ್ಬ ವಿಜ್ಞಾನಿ. ಕತ್ತಲೆ ಲ್ಯಾಬು, ನೀಲಿ ಬೆಳಕು, ಮೇಜಿನ ಮೇಲೆ ಕೊತಕೊತ ಕುದಿಯುವ ಹಸಿರು ದ್ರವ. ಆತ ಹಸಿರಿಗೆ ಕೆಂಪು ಸುರಿದ. ಹೊಗೆ ಬಂತು. ‘ಸಿಕ್ಕಿತು!’ ಅಂತ ಕೂಗಿದ. ಅಷ್ಟೇ, ಮನುಕುಲ ಬಚಾವ್. ಏನಯ್ಯಾ ಸಿಕ್ಕಿದ್ದು? ಇನ್ನೊಂದು ಸಲ ಮಾಡಿ ನೋಡಿದೆಯಾ? ಕೆಂಪು ಸುರಿಯದೆ ಹೋಲಿಸಿ ನೋಡಲು ಇಟ್ಟ ಕಂಟ್ರೋಲ್ ಎಲ್ಲಿ? ಅದೆಲ್ಲ ಇರಲಿ, ಗೋಡೆಯಲ್ಲಿ ಸ್ವಿಚ್ ಇರುವಾಗ ಲೈಟ್ ಯಾಕೆ ಹಾಕಿಲ್ಲ? ನನ್ನ ಗೊಣಗಾಟ ತಡೆಯಲಾರದೆ ಮನೆಯವಳು ವಾಲ್ಯೂಮ್ ಜಾಸ್ತಿ ಮಾಡಿದಳು.

ಕತ್ತಲೆಗೆ ಕಾರಣವಿದ್ದರೆ ನನ್ನ ತಕರಾರಿಲ್ಲ. 1928ರಲ್ಲಿ ಕಲ್ಕತ್ತದ ಬೌಬಜಾರ್ ರಸ್ತೆಯ ಲ್ಯಾಬಿನಲ್ಲಿ ಸಿ. ವಿ. ರಾಮನ್, ಕೆ. ಎಸ್. ಕೃಷ್ಣನ್ ಕತ್ತಲೆಯಲ್ಲಿ ಕೂರುತ್ತಿದ್ದರು. ದ್ರವದಲ್ಲಿ ಚದುರಿದ ಬೆಳಕಿನೊಳಗೆ ಬೇರೆ ಬಣ್ಣದ ತೀರಾ ಮಂಕಾದ ಬೆಳಕೊಂದನ್ನು ಅವರು ಕಣ್ಣಿನಲ್ಲೇ ಹಿಡಿಯಬೇಕಿತ್ತು. ಸರಿ, ಅವರು ಲೈಟ್ ಆರಿಸಲಿ. ಈ ಹಸಿರು ದ್ರವದವನಿಗೇನು ಬಂದಿತ್ತು?

ನಾನಿರುವ ಜೀವಶಾಸ್ತ್ರದ ಲ್ಯಾಬಿನಲ್ಲಂತೂ ಬಣ್ಣಕ್ಕೆ ಬಡತನ. ಕಿಣ್ವ ನೀರಿನ ಹಾಗೆ, ಪ್ರೈಮರ್ ನೀರಿನ ಹಾಗೆ, ಬಫರ್ ನೀರಿನ ಹಾಗೆ, ನೀರೂ ನೀರಿನ ಹಾಗೆ. ಅದೂ ಒಂದೋ ಎರಡೋ ಮೈಕ್ರೋಲೀಟರ್, ಒಂದು ಹನಿಗಿಂತಲೂ ಕಡಿಮೆ. ಟ್ಯೂಬಿನ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಅಳಿಸಿತೋ, ಆ ದಿನದ ಕೆಲಸ ಹೋಯಿತು. ಹೊಗೆ ಬೇಕಿದ್ದರೆ ಡ್ರೈ ಐಸ್ ಇದೆ. ಕಿಣ್ವದ ಪಾರ್ಸೆಲ್ ಜೊತೆ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬರುತ್ತದೆ, ಮೈನಸ್ 78 ಡಿಗ್ರಿಯ ಇಂಗಾಲದ ಡೈಆಕ್ಸೈಡ್. ಹುಡುಗರು ಅದನ್ನು ಸಿಂಕಿಗೆ ಹಾಕಿ, ನೀರು ಬಿಟ್ಟು, ಫೋಟೋ ತೆಗೆದು ಊರಿಗೆ ಕಳಿಸುತ್ತಾರೆ. ಮಗ ವಿಜ್ಞಾನಿಯಾದ ಅಂತ ಅಪ್ಪ ಅಮ್ಮನಿಗೆ ನಂಬಿಕೆ ಬರುವುದು ಆಗಲೇ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಹೊಗೆಯೂ ಇಲ್ಲ, ಕಿಣ್ವವೂ ಇಲ್ಲ.

ಸಿನಿಮಾದಲ್ಲಿ ಡಿಎನ್ಎ ಹೊಂದಿಸುವುದು ಪರದೆಯ ಮೇಲೆ ಮುಖಗಳು ಪಟಪಟ ಓಡಿ ಒಂದು ಮುಖ ನಿಲ್ಲುವುದರೊಳಗೆ ಮುಗಿಯುತ್ತದೆ. ನಮಗೆ ಡಿಎನ್ಎಯ ಪ್ರತಿ ತೆಗೆಯುವ ಪಿಸಿಆರ್‌ಗೇ ಎರಡು ಗಂಟೆ. ಆಮೇಲೆ ಡಿಎನ್ಎ ತುಣುಕುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್. ಅದರಲ್ಲಿ ಗುರುವಾರ ಬಂದ ಡಿಎನ್ಎ ಗೆರೆ, ಅಂದರೆ ಬ್ಯಾಂಡ್, ಶುಕ್ರವಾರ ಬರುವುದಿಲ್ಲ. ಯಾಕೆ ಅಂತ ಕೇಳಬೇಡಿ.

ಪಾಪ, ಇಂಥ ವಿಜ್ಞಾನಿಯ ಕತೆ ಮೊದಲು ಬರೆದವರದ್ದೇನೂ ತಪ್ಪಿಲ್ಲ. ಮೇರಿ ಶೆಲ್ಲಿಯ 1818ರ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ನಲ್ಲಿ ಮಿಂಚು ಹೊಡೆದು ಜೀವ ಬರುವುದಿಲ್ಲ. ಎತ್ತರದ ಗೋಪುರವೂ ಇಲ್ಲ. ಕಥಾನಾಯಕ ವಿಕ್ಟರ್ ಡಾಕ್ಟರೂ ಅಲ್ಲ, ವಿದ್ಯಾರ್ಥಿ. ನಿರ್ಜೀವ ದೇಹಕ್ಕೆ ಜೀವ ಕೊಡಲು ಹೆಚ್ಚುಕಮ್ಮಿ ಎರಡು ವರ್ಷ ನಿದ್ದೆ, ಆರೋಗ್ಯ ಎಲ್ಲ ಬಿಟ್ಟು ದುಡಿಯುತ್ತಾನೆ. ಹೊರಗೆ ಮಳೆ, ಉರಿದು ಮುಗಿಯುತ್ತಿರುವ ಮೇಣದಬತ್ತಿ. ಕೊನೆಗೂ ಕೆಲಸ ಕೈಗೂಡಿದಾಗ ಅದರ ಮುಖ ನೋಡಲಾರದೆ ಓಡಿಹೋಗುತ್ತಾನೆ. ಥೀಸಿಸ್ ಮುಗಿಸಿದವರಿಗೆ ಇದು ಕಲ್ಪನೆ ಅಂತ ಅನಿಸುವುದೇ ಇಲ್ಲ. ಕಿಡಿ ಹಾರಿಸುವ ಯಂತ್ರಗಳನ್ನೆಲ್ಲ ತಂದು ತುಂಬಿದ್ದು 1931ರ ಸಿನಿಮಾ.

ನಿಜವಾದ ಲ್ಯಾಬಿನ ಕತೆ ಬೇಕು ಅನ್ನುವವರಿಗೆ ನಾನು ಹೇಳುವುದು ಪಾರಿವಾಳದ ಕತೆ. 1964, ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್. ಅಲ್ಲಿ ಟೆಲಿಫೋನ್ ಕಂಪನಿಯ ಸಂಶೋಧನಾ ಕೇಂದ್ರ ಬೆಲ್ ಲ್ಯಾಬ್ಸ್‌ನ ದೊಡ್ಡ ಕಹಳೆ ಆಕಾರದ ಆಂಟೆನಾ, ಬಾಯಿಯೇ ಆರು ಮೀಟರ್ ಅಗಲ. ಆರ್ನೋ ಪೆನ್ಜಿಯಾಸ್, ರಾಬರ್ಟ್ ವಿಲ್ಸನ್ ಅದರಲ್ಲಿ ಆಕಾಶದ ರೇಡಿಯೋ ಅಲೆಗಳನ್ನು ಅಳೆಯಲು ಹೊರಟರು. ಎತ್ತ ತಿರುಗಿಸಿದರೂ ಒಂದೇ ಸಣ್ಣ ಗುಂಯ್ ಸದ್ದು. ಹಗಲೂ ಅದೇ, ರಾತ್ರಿಯೂ ಅದೇ. ನ್ಯೂಯಾರ್ಕ್ ಪಟ್ಟಣದ್ದಿರಬಹುದಾ ಅಂತ ಅತ್ತಲೂ ತಿರುಗಿಸಿ ನೋಡಿದರು. ಅಲ್ಲ. ಬಗ್ಗಿ ಒಳಗೆ ನೋಡಿದರೆ ಒಂದು ಜೋಡಿ ಪಾರಿವಾಳ ಸಂಸಾರ ಹೂಡಿವೆ! ಒಳಗೆಲ್ಲ ಹಿಕ್ಕೆ. ಮುಂದೆ ನೊಬೆಲ್ ಭಾಷಣದಲ್ಲಿ ವಿಲ್ಸನ್ ಅದನ್ನು ಪಟ್ಟಣದವರಿಗೆಲ್ಲ ಪರಿಚಯವಿರುವ ಬಿಳಿ ವಸ್ತು ಅಂತ ಮರ್ಯಾದೆಯಾಗಿ ಹೇಳಿದರು. ಬೋನಿಟ್ಟು ಹಿಡಿದರು. ಕೊಲ್ಲಲು ಮನಸ್ಸಿಲ್ಲ. ಕಂಪನಿಯ ಟಪಾಲಿನಲ್ಲೇ ವಿಪ್ಪನಿ ಅನ್ನುವ ಊರಿನ ಇನ್ನೊಂದು ಆಫೀಸಿಗೆ ಕಳಿಸಿ, ಅಲ್ಲಿ ಹಾರಿಬಿಡಲು ಹೇಳಿದರು. ಪಾರಿವಾಳ ಮನೆಗೆ ವಾಪಸ್ ಬರುತ್ತದೆ ಅಂತ ನಮ್ಮ ಕಾಂಪೌಂಡಿನ ಮಕ್ಕಳಿಗೂ ಗೊತ್ತು. ಬಂದವು. ಕೊನೆಗೆ ಗುಂಡಿಗೆ ಬಲಿಯಾದವು. ಇಬ್ಬರು ದೊಡ್ಡ ವಿಜ್ಞಾನಿಗಳು ಹಿಕ್ಕೆ ಕೆರೆದು ತೊಳೆದರು. ಸದ್ದು ಚೂರು ಕಡಿಮೆಯಾಯಿತು, ಹೋಗಲಿಲ್ಲ. ಅದು ಬ್ರಹ್ಮಾಂಡ ಹುಟ್ಟಿದ ಕಾಲದ ಶಾಖದ ಉಳಿಕೆ ಅಂತ ತಿಳಿದದ್ದು ಆಮೇಲೆ, ಪ್ರಿನ್ಸ್‌ಟನ್‌ನ ಭೌತವಿಜ್ಞಾನಿ ರಾಬರ್ಟ್ ಡಿಕಿಗೆ ಫೋನ್ ಮಾಡಿದ ಮೇಲೆ. ಡಿಕಿಯ ಗುಂಪು ಇದನ್ನೇ ಹುಡುಕಲು ಯಂತ್ರ ಕಟ್ಟುತ್ತಿತ್ತು! 1978ರಲ್ಲಿ ಪೆನ್ಜಿಯಾಸ್, ವಿಲ್ಸನ್‌ಗೆ ನೊಬೆಲ್ ಬಂತು. ಆ ಬೋನು ಈಗ ಸ್ಮಿತ್‌ಸೋನಿಯನ್‌ನ ಏರ್ ಅಂಡ್ ಸ್ಪೇಸ್ ಮ್ಯೂಸಿಯಂ ಪಾಲಾಗಿದೆ.

ಇದು ನಮ್ಮಲ್ಲಾಗಿದ್ದರೆ? ಬೋನಿಗೆ ಇಂಡೆಂಟ್, ಅಂದರೆ ಖರೀದಿಯ ಬೇಡಿಕೆ ಪತ್ರ, ಹಾಕಬೇಕು. ಮೂರು ಕೊಟೇಶನ್. ಎಲ್ಲಕ್ಕಿಂತ ಅಗ್ಗದವನು ಎಲ್-1, ಅವನ ಬೋನು ಇಲಿ ಹಿಡಿಯುವಂಥದ್ದು. ಹಿಕ್ಕೆ ತೊಳೆಯುವುದು ಎಎಂಸಿಯಲ್ಲಿ, ಅಂದರೆ ಯಂತ್ರದ ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ, ಬರುವುದಿಲ್ಲ. ಮಾರ್ಚ್ ಮುಗಿದರೆ ದುಡ್ಡು ವಾಪಸ್. ಜೊತೆಗೆ ದುಡ್ಡು ಹೇಗೆ ಖರ್ಚಾಯಿತು ಅನ್ನುವ ಯುಟಿಲೈಸೇಶನ್ ಸರ್ಟಿಫಿಕೇಟ್, ಫಾರಂ ಜಿಎಫ್ಆರ್ 12-ಎ. ನಗಬೇಡಿ. ಫೆಲೋಶಿಪ್ ತಿಂಗಳುಗಟ್ಟಲೆ ಬಾರದೆ, ಪಿಜಿಗೆ ಬಾಡಿಗೆ ಕಟ್ಟಲು ಕೈಸಾಲ ಮಾಡಿ, ಮಾರನೇ ದಿನ ಬೆಳಗ್ಗೆ ಸುಮ್ನೆ ಬಂದು ಪಿಪೆಟ್‌ನ ಪ್ಲಾಸ್ಟಿಕ್ ತುದಿಗಳನ್ನು ಜೋಡಿಸಿಡುವ ಟಿಪ್ ಬಾಕ್ಸ್ ತುಂಬಿಸುತ್ತಾ ಕೂತ ಹುಡುಗಿಯನ್ನು ನಾನು ನೋಡಿದ್ದೇನೆ. ಸಿನಿಮಾದ ವಿಜ್ಞಾನಿಗೆ ಹುಚ್ಚು ಹಿಡಿಯುವುದು ಪ್ರಪಂಚ ಆಳುವ ಆಸೆಯಿಂದಂತೆ. ಇಲ್ಲಿ ಅಕೌಂಟ್ಸ್ ಸೆಕ್ಷನ್ ಸಾಕು.

ನನ್ನ ಅಣ್ಣನ ಮಗ ಗಾಂಧಿನಗರದಲ್ಲಿ ಅಸಿಸ್ಟೆಂಟ್ ಡೈರೆಕ್ಟರ್. ಅವನಿಗೆ ಈ ಪಾರಿವಾಳದ ಕತೆ ಪೂರ್ತಿ ಹೇಳಿದೆ. ಮೊಬೈಲ್ ಪಕ್ಕಕ್ಕಿಟ್ಟು ಕೇಳಿದ.

‘ಚೆನ್ನಾಗಿದೆ ಚಿಕ್ಕಪ್ಪ. ಆದ್ರೆ ಪಾರಿವಾಳ ಶೂಟ್ ಮಾಡಿದ್ರೆ ಪ್ರಾಣಿ ಕಲ್ಯಾಣ ಮಂಡಳಿಯ ಪರ್ಮಿಶನ್ ಬೇಕು. ಅರ್ಜಿ ಹಾಕ್ಬೇಕು, ಸ್ಕ್ರಿಪ್ಟ್ ಕೊಡ್ಬೇಕು, ಫೀಸ್ ಕಟ್ಬೇಕು, ಆಮೇಲೆ ಅವರು ಏನೋ ಒಂದು ಡಾಕ್ಯುಮೆಂಟ್ ಇಲ್ಲ ಅಂತ ವಾಪಸ್ ಕಳಿಸ್ತಾರೆ. ಯಾರಿಗ್ ಬೇಕು ಆ ರಗಳೆ? ನೀವಾದ್ರೆ ಲ್ಯಾಬಲ್ಲಿ ಆರಾಮಾಗಿ ಕೂತಿರ್ತೀರಿ.’