ಸಂತಾಪಕ್ಕೂ ಡ್ರಾಫ್ಟಾ?

ನಿನ್ನೆ ರಾತ್ರಿಯಿಂದ ತಲೆ ಕೆಟ್ಟಿದೆ. ಉದ್ದ ಬರೆಯುತ್ತೇನೆ, ಬೇಡವಾದವರು ಮುಂದೆ ಹೋಗಿ.

ಹಳೆಯ ಗೆಳೆಯನ ತಂದೆ ತೀರಿಕೊಂಡರು. ಕಾಲೇಜು ಗ್ರೂಪಿನಲ್ಲಿ ಅವನು ಹಾಕಿದ್ದು ಎರಡೇ ಪದ. "ಅಪ್ಪ ಹೋದ್ರು." ಐದು ನಿಮಿಷ ಆಗಿಲ್ಲ, ನಮ್ಮಲ್ಲೇ ಒಬ್ಬ ಮಹಾಶಯ ಹದಿನಾಲ್ಕು ಸಾಲಿನ ಸಂತಾಪ ಹಾಕಿದ. "ಈ ಕಠಿಣ ಸಮಯದಲ್ಲಿ ಅವರ ಸ್ಮರಣೆಗಳು ನಿಮಗೆ ಶಕ್ತಿ ನೀಡಲಿ" ಇತ್ಯಾದಿ. ಒಂದು ಅಕ್ಷರ ತಪ್ಪಿಲ್ಲ. ಇವನು ಜನ್ಮದಲ್ಲಿ 'ಸ್ಮರಣೆ' ಅನ್ನೋ ಪದ ಬಳಸಿದವನಲ್ಲ. ಕೊನೆಯ ಸಾಲಿಗೆ ಬಂದಾಗ ಗುಟ್ಟು ರಟ್ಟಾಯಿತು: "ಇದನ್ನು ಇನ್ನೂ ಸ್ವಲ್ಪ ಭಾವುಕವಾಗಿ ಬರೆದುಕೊಡಲೇ?"

ಚಾಟ್‌ಜಿಪಿಟಿಯಂಥ, ಕೇಳಿದ್ದನ್ನು ಬರೆದುಕೊಡುವ ಎಐ ಯಂತ್ರದಿಂದ ಕಾಪಿ ಮಾಡುವಾಗ ಬೆರಳು ಒಂದು ಸಾಲು ಕೆಳಗೆ ಜಾರಿದೆ, ಅಷ್ಟೇ. ಅರ್ಧ ನಿಮಿಷದಲ್ಲಿ ಅಳಿಸಿದ. ಅಷ್ಟರಲ್ಲಿ ನಾನು ಓದಿಯಾಗಿತ್ತು. (ಗೆಳೆಯ ಫೇಸ್‌ಬುಕ್‌ನಲ್ಲಿಲ್ಲ. ಅದಕ್ಕೇ ಇಲ್ಲಿ ಬರೆಯುವ ಧೈರ್ಯ.)

ನನ್ನ ಸಿಟ್ಟು ತಂತ್ರಜ್ಞಾನದ ಮೇಲಲ್ಲ. ನಾನು ದಿನವಿಡೀ ಅದರಲ್ಲೇ ಕೆಲಸ ಮಾಡುವವನು ಅಂತ ನಿಮಗೆ ಗೊತ್ತು. ಆಫೀಸಿನ ಮೇಲ್ ಬರೆಸಿಕೊಳ್ಳಿ, ವರದಿ ಬರೆಸಿಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಪರೀಕ್ಷೆಯ ಹಿಂದಿನ ರಾತ್ರಿ ಕರೆಂಟ್ ಹೋದಾಗ, ನಾವು ಮೂವರು ಓದಲಿ ಅಂತ ಗೋಡೆಗೊರಗಿ ಟಾರ್ಚ್ ಹಿಡಿದು ಕೂತವರು ಆ ಅಪ್ಪ. ಕೈ ಸೋತಾಗ ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುತ್ತಿದ್ದರು. ಸೆಲ್ ಮುಗಿದು ಬೆಳಕು ಹಳದಿಯಾಗುವವರೆಗೂ ಏಳಲಿಲ್ಲ. ಆ ಮೂವರಲ್ಲಿ ಈ ಮಹಾಶಯನೂ ಒಬ್ಬ. "ಟಾರ್ಚ್ ನೆನಪಾಯ್ತು ಕಣೋ" ಅಂದಿದ್ದರೆ ಸಾಕಿತ್ತು. ಆ ಟಾರ್ಚ್ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಅದು ಮಾಡೋದು ಇಷ್ಟೇ. ಜನ ಬರೆದಿಟ್ಟ ರಾಶಿ ರಾಶಿ ಬರಹದಿಂದ ಕಲಿತು, ಈ ಪದದ ನಂತರ ಯಾವ ಪದ ಬರಬಹುದು ಅಂತ ಲೆಕ್ಕ ಹಾಕುತ್ತಾ ಹೋಗುತ್ತದೆ. ನಾವು ಏನೂ ಹೇಳಿಕೊಡದಿದ್ದರೆ ಯಾರ ಅಪ್ಪನಿಗೂ ಸಲ್ಲುವ ಸಂತಾಪವೇ ಬರುತ್ತದೆ. ತಪ್ಪು ಅದರದ್ದಲ್ಲ ಬಿಡಿ.

ಇದೇನು ಹೊಸ ಕಥೆಯಲ್ಲ. 2023ರ ಫೆಬ್ರವರಿಯಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗುಂಡಿನ ದಾಳಿಗೆ 3 ವಿದ್ಯಾರ್ಥಿಗಳು ಬಲಿಯಾದರು. ಅದರ ಬಗ್ಗೆ ಅಲ್ಲಿನದೇ ಇನ್ನೊಂದು ವಿಶ್ವವಿದ್ಯಾಲಯವಾದ ವ್ಯಾಂಡರ್‌ಬಿಲ್ಟ್‌ನ ಒಂದು ಕಾಲೇಜಿನಿಂದ ತಮ್ಮ ವಿದ್ಯಾರ್ಥಿಗಳಿಗೆ ಒಂದು ಇಮೇಲ್ ಹೋಯಿತು. ಇಂಥ ಹೊತ್ತಲ್ಲಿ ನಾವೆಲ್ಲ ಒಬ್ಬರಿಗೊಬ್ಬರು ಆಗಬೇಕು ಅನ್ನುವ ಧಾಟಿಯ ಪತ್ರ. ಕೆಳಗೆ ನೋಡಿದರೆ, ಚಾಟ್‌ಜಿಪಿಟಿಯಿಂದ ತೆಗೆದುಕೊಂಡದ್ದು ಅಂತ ಟಿಪ್ಪಣಿ! ಹುಡುಗರು ಉಗಿದರು, ಕಾಲೇಜು ಕ್ಷಮೆ ಕೇಳಿತು. ಅವರಾದರೂ ಟಿಪ್ಪಣಿ ಹಾಕಿದ್ದರು. ನಮ್ಮವನದು ಬೆರಳು ಜಾರಿ ಬಂದ ಪ್ರಾಮಾಣಿಕತೆ.

ಇನ್ನೂ ಹಿಂದೆ ಹೋಗೋಣ. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಎಂಬ ಪ್ರೋಗ್ರಾಂ ಪ್ರಕಟಿಸಿದ. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳೋದು, ಅಷ್ಟೇ ಅದರ ಬಂಡವಾಳ. ಅವನು ತಿಂಗಳುಗಟ್ಟಲೆ ಅದರ ಮೇಲೆ ಕೆಲಸ ಮಾಡಿದ್ದನ್ನು ನೋಡಿದ್ದ ಅವನ ಸೆಕ್ರೆಟರಿಯೇ, ಅದರ ಜೊತೆ ನಾಲ್ಕು ಮಾತಾಡಿ, "ಸ್ವಲ್ಪ ಹೊರಗೆ ಹೋಗ್ತೀರಾ" ಅಂತ ಅವನಿಗೇ ಅಂದಳಂತೆ. ಅವನಿಗೆ ಗಾಬರಿಯಾಯಿತು. 1976ರಲ್ಲಿ ಪುಸ್ತಕವನ್ನೇ ಬರೆದ. ಕಂಪ್ಯೂಟರ್ ಮಾಡಬಲ್ಲದು ಅನ್ನೋ ಕಾರಣಕ್ಕೆ ಎಲ್ಲವನ್ನೂ ಅದರ ಕೈಗೆ ಕೊಡಬಾರದು ಅನ್ನೋದು ಅವನ ವಾದ. ನಾಜಿ ಜರ್ಮನಿಯಿಂದ ಮನೆಯವರ ಜೊತೆ ತಪ್ಪಿಸಿಕೊಂಡು ಬಂದಿದ್ದವನು. ಅವನಿಗೆ ಅದು ಬರೀ ಕಂಪ್ಯೂಟರ್ ಪ್ರಶ್ನೆ ಆಗಿರಲಿಲ್ಲ. ಆ ಸೆಕ್ರೆಟರಿ ಬಗ್ಗೆ ನನಗೆ ಈಗ ಗೌರವ. ಅವಳು ಯಂತ್ರದ ಮುಂದೆ ಆಡಿದ್ದು ತನ್ನ ಮಾತನ್ನೇ ಅಲ್ವಾ? ನಾವು ಮನುಷ್ಯರ ಮುಂದೆ ಯಂತ್ರದ ಮಾತಾಡುತ್ತಿದ್ದೇವೆ.

"ಹಿಂದೆಯೂ ರೆಡಿಮೇಡ್ ಸಾಲುಗಳಿದ್ದವಲ್ಲ ಸಾರ್?" ಅಂತ ಕಾಮೆಂಟ್ ಹಾಕಲು ಕೆಲವರು ಕಾಯುತ್ತಿದ್ದೀರಿ. ಇದ್ದವು. "ಸುದ್ದಿ ತಿಳಿದು ದುಃಖವಾಯಿತು." ಆ ಸಾಲು ಒಣಗಿದ್ದು ಅಂತ ಎಲ್ಲರಿಗೂ ಗೊತ್ತಿತ್ತು, ಅದು ಕಣ್ಣೀರಿನ ವೇಷ ಹಾಕಿ ಬರುತ್ತಿರಲಿಲ್ಲ. ಇನ್ನು, ಬರೆಯಲು ನಿಜವಾಗಿ ಕಷ್ಟ ಇರುವವರು ಸಹಾಯ ತೆಗೆದುಕೊಳ್ಳಲಿ, ಅದು ಬೇರೆ ಮಾತು. ನಮ್ಮ ಮಹಾಶಯನಿಗೆ ಅಂಥದ್ದೇನಿಲ್ಲ. ಯಾವ ಫೋನ್ ತಗೋಬೇಕು ಅಂತ ಕೇಳಿ ನೋಡಿ, ಒಂದೂವರೆ ಪುಟ ಕುಟ್ಟುತ್ತಾನೆ.

ಈಗ ತಪ್ಪೊಪ್ಪಿಗೆ. ಹೋದ ವರ್ಷ ಅಕ್ಕನ ಜೊತೆ ಜಗಳ ಆಡಿ ಮೂರು ವಾರ ಮಾತು ಬಿಟ್ಟಿದ್ದೆ. ಕ್ಷಮೆ ಕೇಳಲು ಅಹಂಕಾರ ಅಡ್ಡ. ಆ ಪತ್ರ ನಾನೂ ಯಂತ್ರದಿಂದಲೇ ಬರೆಸಿದೆ. ಎರಡು ಸಲ ತಿದ್ದಿಸಿದೆ ಕೂಡ. ಅಕ್ಕ ಫೋನ್ ಮಾಡಿ ಕೇಳಿದ್ದು ಒಂದೇ: "ನಿನ್ನ ಭಾವನೆಗಳಿಗೆ ನೋವುಂಟುಮಾಡಿದ್ದಕ್ಕೆ ವಿಷಾದಿಸುತ್ತೇನೆ ಅಂತೆ. ಯಾವನೋ ಅವನು?" ನಾನು ಪೆದ್ದುಪೆದ್ದಾಗಿ ನಕ್ಕೆ. ಅವಳು ನಗಲಿಲ್ಲ. ಅವತ್ತಿನ ಉರಿಯೇ ಇವತ್ತು ಇನ್ನೊಬ್ಬನ ಮೇಲೆ ಬೀಳುತ್ತಿದೆಯೇನೋ.

ಇಷ್ಟು ಬರೆದು, ಪೋಸ್ಟ್ ಮಾಡುವ ಮೊದಲು ಗೆಳೆಯನಿಗೆ ಫೋನ್ ಮಾಡಿದೆ. ಟಾರ್ಚಿನ ವಿಷಯ ತೆಗೆದೆ. ಒಂದು ಕ್ಷಣ ಸುಮ್ಮನಾದ. "ಬೀರುವಿನಲ್ಲೇ ಇದೆ ಕಣೋ. ಸೆಲ್ ತೆಗೆಯೋಕೆ ಮರೆತು ತುಕ್ಕು ಹಿಡಿದಿದೆ" ಅಂದ. ನಾನು ಆ ಹದಿನಾಲ್ಕು ಸಾಲಿನ ಬಗ್ಗೆ ಬೈಯಲು ಶುರು ಮಾಡಿದೆ.

"ಬಿಡೋ, ಅವನು ಬೆಳಗಿನ ಜಾವವೇ ಬಂದ. ಒಂದು ಮಾತೂ ಆಡಿಲ್ಲ. ಹೊರಗಡೆ ಕುರ್ಚಿ ಹಾಕ್ತಾ ಇದ್ದಾನೆ" ಅಂದ.

ನಾನು ಇನ್ನೂ ಮನೆ ಬಿಟ್ಟಿಲ್ಲ.