ಬರ ಬೇಡ, ಬರೀ ಘೋಷಣೆ ಸಾಕು

ಬರ ಪರಿಹಾರ ಬೇಕು ಅಂದ್ರೆ ನಮ್ ಕಡೆ ಪಹಣಿ ಕೇಳ್ತಾರೆ, ಆಧಾರ್ ಕೇಳ್ತಾರೆ, ಫ್ರೂಟ್ಸ್ ಐಡಿ (ರೈತರ ನೋಂದಣಿ ನಂಬರು), ಪಾಸ್‌ಬುಕ್ಕು, ಆಮೇಲೆ ಹೆಸರಲ್ಲಿ ಒಂದಕ್ಷರ ತಪ್ಪಿದೆ ಅಂತ ಇನ್ನೊಂದ್ಸಲ ಆಧಾರ್ ಕೇಳ್ತಾರೆ. ಬರ ಇದ್ಯಾ ಅಂತ ಮಾತ್ರ ಯಾರೂ ಕೇಳಲ್ಲ, ಅದು ಹೆಂಗೂ ಇದ್ದೇ ಇರುತ್ತಲ್ಲ. ಅಮೆರಿಕದವ್ರು ಒಂದು ಹೆಜ್ಜೆ ಮುಂದೆ ಹೋಗಿ ಬರನೇ ಬೇಡ ಅಂದ್ಬಿಟ್ಟಿದ್ರು.

2002ರಲ್ಲಿ ಅಲ್ಲಿ ನಿಜವಾಗ್ಲೂ ಬರ ಬಿದ್ದಿತ್ತು, ಎಷ್ಟೋ ಕಡೆ ಮೇವಿಲ್ದೆ ದನ ಸಾಕೋರು ಒದ್ದಾಡ್ತಿದ್ರು, ಜೊತೆಗೆ ನವೆಂಬರಲ್ಲಿ ಎಲೆಕ್ಷನ್ ಬೇರೆ, ಇನ್ನೇನು ಬೇಕು, ಕೃಷಿ ಇಲಾಖೆ ದನಗಳಿಗೆ ಪರಿಹಾರ ಅಂತ ಸ್ಕೀಮ್ ತಂದೇಬಿಡ್ತು. ಹಾಲಿನ ಹಸುಗೆ 31.50 ಡಾಲರ್, ಮಾಂಸಕ್ಕೆ ಸಾಕೋ ಹಸುಗೆ 18, ಕುರಿ ಮೇಕೆಗೆ 4.50. ಪೂರ್ತಿ ತಲೆ ಲೆಕ್ಕ. ನಷ್ಟ ಎಷ್ಟಾಯ್ತು ತೋರಿಸಪ್ಪಾ ಅನ್ನೋ ಮಾತೇ ಇಲ್ಲ, ನಿಮ್ ಕೌಂಟಿ ಅಂದ್ರೆ ನಮ್ ತಾಲೂಕಿನ ಥರದ್ದು, ಅದು ಲಿಸ್ಟಲ್ಲಿ ಇದ್ರೆ ಮುಗೀತು. ನಮಗೆ 33 ಪರ್ಸೆಂಟ್ ಬೆಳೆ ಹೋಗಿದ್ರೇನೇ ಲೆಕ್ಕ, 2024ರ ಜನವರಿಯಲ್ಲಿ ಮೊದಲ ಕಂತು ಅಂತ ಬಂದಿದ್ದು ಹೆಚ್ಚೂ ಅಂದ್ರೆ 2,000 ರೂಪಾಯಿ, ಅದು ಇರ್ಲಿ.

ಆಟ ಶುರುವಾಗಿದ್ದು 2003ರ ಫೆಬ್ರವರಿಲಿ. ಅಲ್ಲಿನ ಕಾಂಗ್ರೆಸ್ಸು (ಪಾರ್ಲಿಮೆಂಟಿಗೆ ಅಲ್ಲಿ ಹಂಗಂತಾರೆ, ನಮ್ ಕಾಂಗ್ರೆಸ್ ಅಲ್ಲ, ಜಗಳ ತೆಗೀಬೇಡಿ) ರೂಲ್ಸ್ ಸಡಿಲ ಮಾಡ್ತು. ಬರನೇ ಆಗ್ಬೇಕು ಅಂತಿಲ್ಲ, 2001ರಿಂದ ಈಚೆಗೆ ಯಾವುದೋ ಒಂದು ವಿಪತ್ತು ಅಂತ ಸರ್ಕಾರ ಘೋಷಣೆ ಮಾಡಿದ್ರೆ ಸಾಕು.

ಅದೇ ಫೆಬ್ರವರಿ 1, ನಮಗಿಲ್ಲಿ ಸಂಜೆ ಏಳೂವರೆ. ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ವಾಪಸ್ ಬರ್ತಾ ಆಕಾಶದಲ್ಲೇ ಒಡೆದು ಏಳು ಜನ ಹೋದ್ರು, ಆವತ್ತು ನಮ್ಮನೇಲಿ ಯಾರೂ ಸರಿಯಾಗಿ ಊಟ ಮಾಡಿರ್ಲಿಲ್ಲ. ನೌಕೆ ಚೂರುಗಳು ಪೂರ್ವ ಟೆಕ್ಸಾಸ್ ತುಂಬಾ ಬಿದ್ವು, ಅದನ್ನ ಹುಡುಕಿ ಎತ್ತೋಕೆ ಅಂತ ಅಧ್ಯಕ್ಷರು ತುರ್ತು ಪರಿಸ್ಥಿತಿ ಘೋಷಣೆ ಮಾಡಿದ್ರು. ಘೋಷಣೆ ಆಯ್ತಲ್ಲ! ಅಲ್ಲಿನ ದನದೋರೂ ಪರಿಹಾರಕ್ಕೆ ಅರ್ಹರು. ಹಸು ತಲೆ ಮೇಲೆ ಏನೂ ಬಿದ್ದಿಲ್ಲ, ಹುಲ್ಲು ಮಂಡಿ ಮಟ್ಟ ಇದೆ, ಅದು ಮೆಲುಕು ಹಾಕ್ಕೊಂಡು ನಿಂತಿದೆ, ಕಾಗದದಲ್ಲಿ ಮಾತ್ರ ಸಂತ್ರಸ್ತ ಹಸು.

ವಾಷಿಂಗ್ಟನ್ ರಾಜ್ಯದಲ್ಲಿ 2001ರ ಭೂಕಂಪದ ಹೆಸರಲ್ಲಿ ಕೊಟ್ರು, ವಿಸ್ಕಾನ್ಸಿನ್‌ನಲ್ಲಿ ಹಿಮ ಬಿದ್ದಿದ್ದಕ್ಕೆ ಕೊಟ್ರು. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯೋರು ಲೆಕ್ಕ ತೆಗೆದಾಗ ಒಟ್ಟು ಹಂಚಿದ್ದು 120 ಕೋಟಿ ಡಾಲರ್, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಬರನೇ ಇಲ್ಲದ, ಇದ್ರೂ ಸಾಧಾರಣ ಅನ್ನೋ ಕಡೆಗೆ ಹೋಗಿತ್ತು. ಇಷ್ಟಕ್ಕೂ ಕದ್ದವರು ಅಂತ ಯಾರನ್ನ ಬೈಯೋದು, ಎಲ್ಲಾ ರೂಲ್ಸ್ ಪ್ರಕಾರನೇ.

ಇನ್ನೊಂದು ಕೇಳಿ. ಹಾಲಿನ ರೇಟು ಬೀಳ್ದೆ ಇರ್ಲಿ ಅಂತ ಸರ್ಕಾರನೇ ಕೊಂಡು ಗೋಡೌನಲ್ಲಿ ತುಂಬಿಟ್ಟಿದ್ದ ಹಾಲಿನ ಪುಡಿ ರಾಶಿ ಬಿದ್ದಿತ್ತು, 2003ರಲ್ಲಿ ಅದನ್ನ ಬರದ ರಾಜ್ಯಗಳಿಗೆ ಪುಡಿಗಾಸಿಗೆ ಕಳಿಸಿದ್ರು, ದನಕ್ಕೆ ತಿನ್ಸಿ ಅಂತ. ಒಂದಷ್ಟು ದನದ ಬಾಯಿಗೆ ಹೋಯ್ತು, ಒಂದಷ್ಟು ದಲ್ಲಾಳಿಗಳ ಕೈಗೆ ಹೋಗಿ ಒಳ್ಳೇ ರೇಟಿಗೆ ಮಾರಾಟ ಆಯ್ತು.

ಇದನ್ನ ನಮ್ಮಮ್ಮಂಗೆ ಹೇಳ್ದೆ. ಕೊಟ್ಟಿಗೇಲಿ ಹಾಲು ಕರೀತಾ ಇದ್ಲು, ಕರ ಪಕ್ಕದಲ್ಲಿ ಹಗ್ಗ ಜಗ್ತಾ ಇತ್ತು. ತಲೆ ಎತ್ತದೆ ಕೇಳಿದ್ಲು, "ಹಸುಗೆ ಹಾಲು ಕುಡಿಸಿದ್ರಾ? ಮತ್ತೆ ಕರೆದಿದ್ಯಾಕಂತೆ, ಒಳಗೇ ಬಿಡೋದಲ್ವಾ?"